ಐದು ಅರ್ಥದ ಶಬ್ದ

ಅಪ್ಪ,

'ತೀರ್ಥರೂಪ' ಎಂದು ಬರೆಯಲು ಹೊರಟೆ, ಕೈ ಬರಲಿಲ್ಲ. ಸಾಯುವಾಗ ನಿಮಗಿದ್ದ ವಯಸ್ಸು ಈಗ ನನ್ನದು.

ಅರವತ್ತರ ದಶಕದ ಮೊದಲಿಗೆ ಪುತ್ತೂರಿನ ಬಾಡಿಗೆ ಮನೆಯಲ್ಲಿ ಕಳೆದ ಸಂಜೆಗಳು ನೆನಪಿವೆಯೇ? ನೀವು ಹೈಸ್ಕೂಲಿನಿಂದ ಬಂದು, ಕೈಕಾಲು ತೊಳೆದು, ಒಂದು ಇಂಗ್ಲಿಷ್ ನಾಮಪದ ಹೇಳುತ್ತಿದ್ದಿರಿ. ಅದರ ಅರ್ಥಗಳನ್ನೆಲ್ಲ ಒಪ್ಪಿಸದೆ ನನಗೆ ಊಟವಿಲ್ಲ. ತರಗತಿಯಲ್ಲಿ ನಿಮ್ಮದು ಇನ್ನೊಂದು ಕ್ರಮ: ಉತ್ತರ ಹೇಳಿದವರು ಹೇಳದವರ ಮೂಗು ಹಿಡಿದು ಕೆನ್ನೆಗೆ ಹೊಡೆಯಬೇಕು. ಮೆಲ್ಲಗೆ ಹೊಡೆದರೆ, ಹೊಡೆಯುವುದು ಹೇಗೆಂದು ನಮ್ಮ ಕೆನ್ನೆಯ ಮೇಲೆಯೇ ತೋರಿಸುತ್ತಿದ್ದಿರಿ.

ಸುಳ್ಯದಿಂದ ನಿಮ್ಮ ಸ್ನೇಹಿತರಾದ ಇಬ್ಬರು ಮಾಸ್ಟ್ರುಗಳು ಬಂದ ದಿನ ನಾನು ಎಂಟನೆಯಲ್ಲಿದ್ದೆ. ಆ ದಿನದ ಶಬ್ದ 'ಕೇಸ್'. ಪೆಟ್ಟಿಗೆ, ಕೋರ್ಟಿನ ವ್ಯಾಜ್ಯ, ಡಾಕ್ಟರರ ಬಳಿ ಬರುವ ರೋಗಿ, ವ್ಯಾಕರಣದ ವಿಭಕ್ತಿ, ಸುಮ್ಮನೆ ಒಂದು ಸಂಗತಿ. ಒಪ್ಪಿಸಿದೆ. ಅವರು ಭೇಷ್ ಅಂದರು. ಅಷ್ಟಕ್ಕೆ ಬಿಡಬಹುದಿತ್ತಲ್ಲ? ಕಾಫಿ ತಂದ ಅಮ್ಮನನ್ನು ನಿಲ್ಲಿಸಿ ಅದೇ ಶಬ್ದ ಕೇಳಿದಿರಿ. ಅವಳಿಗೆ ಗೊತ್ತಿದ್ದದ್ದು ಪೆಟ್ಟಿಗೆ ಮಾತ್ರ.

"ಎಂತ ನೋಡುದು? ಮೂಗು ಹಿಡಿದು ಹೊಡಿ ಅವಳಿಗೆ. ಇಲ್ಲದಿದ್ರೆ ನಾಳೆಯಿಂದ ಶಾಲೆಗೆ ಹೋಗುದು ಬೇಡ" ಎಂದಿರಿ.

ಅಮ್ಮ ತಟ್ಟೆ ಕೆಳಗಿಟ್ಟಳು. ನನಗೆ ಎಟುಕುವಷ್ಟು ಬಗ್ಗಿದಳು.

"ಹೊಡಿ ಮಗಾ, ಕಾಪಿ ತಣಿತದೆ."

ಹೊಡೆದೆ. ನೀವು ಮೂವರೂ ನಕ್ಕಿರಿ. ಶಾಲೆ ಉಳಿಯಿತು, ಮುಂದೆ ಎಂ.ಎ.ಯೂ ಆಯಿತು. ಕವಿತೆ ಓದುವಾಗ ಒಂದು ಶಬ್ದದೊಳಗೆ ಇನ್ನೊಂದು ಅರ್ಥ ಹೊಳೆದರೆ ಎಲ್ಲರಿಗೂ ಖುಷಿಯಾಗುತ್ತದಂತೆ. ನನಗೆ ಅಂಗೈ ಉರಿಯುತ್ತದೆ. ಇದನ್ನು ನಿಮಗೆ ಹೇಗೆ...

ನೀವು ಹೋದ ಮರುವರ್ಷ ಪಂಜದಿಂದ ನಿಮ್ಮ ಅಣ್ಣನ ಮಗ ದರ್ಭೆ, ಎಳ್ಳು ಹಿಡಿದು ಬಂದ. ಗಂಡುಮಕ್ಕಳಿಲ್ಲದ ಚಿಕ್ಕಪ್ಪನ ಶ್ರಾದ್ಧ ತಾನು ಮಾಡುತ್ತೇನೆ ಎಂದ. ಅಮ್ಮ ಜಗಲಿಯಲ್ಲೇ ಅವನನ್ನು ತಡೆದಳು.

"ಬೇಡ ಮಾರಾಯ. ಅವರಿಗೆ ಇಂಗ್ಲಿಷೇ ಆಗಬೇಕು. ಸಂಸ್ಕೃತದಲ್ಲಿ ಕರೆದ್ರೆ ಬರುವ ಜನ ಅಲ್ಲ."

ಅವನಿಗೆ ಹೊಟ್ಟೆ ತುಂಬ ದೋಸೆ ಕೊಟ್ಟು ಕಳಿಸಿದಳು. ಆಮೇಲೆ ಒಂದು ವರ್ಷವೂ ನಿಮಗೆ ಪಿಂಡವಿಟ್ಟಿಲ್ಲ, ಅಪ್ಪ. ಗೊತ್ತಾಯಿತೇ, ಯಾಕೆ ಯಾರೂ ಕರೆಯಲಿಲ್ಲವೆಂದು?

ಹೋದ ತಿಂಗಳು ಅಮ್ಮ ತೀರಿಕೊಂಡಳು. ಅವಳ ಕ್ರಿಯೆಗಳನ್ನು ಅವನೇ ಶ್ರದ್ಧೆಯಿಂದ ಮಾಡಿದ. ಹೊರಡುವಾಗ, ಇನ್ನು ಚಿಕ್ಕಪ್ಪನದ್ದೂ ಮಾಡಬಹುದಲ್ಲ, ಬೇಡ ಅನ್ನುವವರು ಈಗ ಯಾರಿದ್ದಾರೆ ಎಂದು ಕೇಳಿದ.

ನಾನಿದ್ದೇನೆ ಎಂದೆ.

ನಿಮ್ಮ ಮಗಳು