ವಿಮಲೆ ಇನ್ನೂ ಬಸ್ ಸ್ಟಾಪಿನಲ್ಲಿದ್ದಾಳೆ

ಪಕ್ಕದ ಮನೆಯ ನಂಜುಂಡ ಮಾಮನವರಿಗೆ,

‘ಅಡ್ಡರಸ್ತೆ’ ಎಂಬ ಕೈಬರಹದ ಮಾಸಪತ್ರಿಕೆಯ ಸಂಸ್ಥಾಪಕರೂ, ಸಂಪಾದಕರೂ, ಏಕಮಾತ್ರ ಕಾದಂಬರಿಕಾರರೂ, ಜಯನಗರದ ನಮ್ಮ ಹನ್ನೊಂದು ಮನೆಗಳ ಸಾಹಿತ್ಯ ಸಾಮ್ರಾಜ್ಯಕ್ಕೆ ಚಕ್ರವರ್ತಿಗಳೂ ಆದ ತಮ್ಮ ದಿವ್ಯ ಸನ್ನಿಧಾನಕ್ಕೆ ಕಾಂಪೌಂಡು ಗೋಡೆಯ ಈಚೆ ಬದಿಯ ಪದ್ದು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಅಂತ ಬರೆದದ್ದಷ್ಟೇ, ಕೂತುಕೊಂಡೇ ಇದ್ದೇನೆ. ನಿಮ್ಮ ಬೆಕ್ಕು ದಿವಾನರು ಕಾಗದದ ಅರ್ಧ ಭಾಗವನ್ನು ಆಕ್ರಮಿಸಿ ಮಲಗಿದ್ದಾರೆ, ಉಳಿದರ್ಧ ನನ್ನದು. ನಿಮಗೆ ಹೇಳಬೇಕಾದದ್ದು ಎರಡಿದೆ. ಒಂದು ತಪ್ಪೊಪ್ಪಿಗೆ, ಒಂದು ಸುದ್ದಿ. ಸುದ್ದಿ ಚೆನ್ನಾಗಿದೆ, ಅದನ್ನೇ ಮೊದಲು ಹೇಳಿಬಿಟ್ಟರೆ ತಪ್ಪೊಪ್ಪಿಗೆ ಹೇಳದೆ ಎದ್ದು ಹೋಗುವ ಪೈಕಿ ನಾನು ಅಂತ ನಿಮಗೆ ಗೊತ್ತಲ್ಲ. ಆದ್ದರಿಂದ...

ಎರಡನೇ ಸಂಚಿಕೆ ಹನ್ನೊಂದು ಮನೆ ಸುತ್ತಿ ವಾಪಸು ಬಂದ ಸಂಜೆ ನಿಮಗೆ ನೆನಪಿದೆಯೇ? ಪತ್ರಿಕೆ ಇದ್ದದ್ದೇ ಒಂದು ಪ್ರತಿ. ನೀವೇ ಬರೆದು, ನೀವೇ ಚಿತ್ರ ಬಿಡಿಸಿ, ನಿಮ್ಮ ಧರ್ಮಪತ್ನಿ ಸೀತತ್ತೆಯ ಹೊಲಿಗೆ ದಾರದಲ್ಲಿ ನೀವೇ ಹೊಲಿದದ್ದು. ಒಂದೊಂದು ಮನೆಗೆ ಎರಡೆರಡು ದಿನ, ಓದಿ ಮುಂದಿನ ಮನೆಗೆ ದಾಟಿಸಬೇಕು, ಕೊನೆಯ ಖಾಲಿ ಹಾಳೆಯಲ್ಲಿ ‘ಓದುಗರ ಮಾತು’ ಬರೆಯಬೇಕು. ಆ ಸಲ ಓದುಗರು ಆಡಿದ್ದ ಮಾತು ಎರಡೇ. ‘ಪುಟ ಆರರ ಮೇಲೆ ಎಣ್ಣೆ ಚೆಲ್ಲಿದೆ, ಮನ್ನಿಸಬೇಕು’ ಅಂತ ಒಂದು. ಇನ್ನೊಂದು ಯಾರದೋ ಮನೆಯ ಸಾಮಾನಿನ ಚೀಟಿ: ಹೆಸರುಬೇಳೆ, ಹುಣಿಸೆಹಣ್ಣು, ಇಂಗು. ನಾನು ಗೋಡೆಯ ಮೇಲೆ ಕೂತು ಸೀಬೆಹಣ್ಣು ಕಚ್ಚುತ್ತಿದ್ದೆ. ನೀವು ಹಾಳೆಯನ್ನು ತಿರುಗಿಸಿ ಹಿಂದುಗಡೆಯೂ ನೋಡಿದಿರಿ. ಅಲ್ಲೇನಾದರೂ ಇರಬಹುದು ಅಂತ. ಆಮೇಲೆ ಹೇಳಿದಿರಿ, “ಯಾರೂ ಓದಲ್ಲ ಕಣೇ ಪದ್ದು. ಇಂಗಿಗೆ ಇರೋ ಬೆಲೆ ನನ್ನ ಕಾದಂಬರಿಯ ವಿಮಲೆಗಿಲ್ಲ. ನಿಲ್ಲಿಸಿಬಿಡೋಣ.”

ಮಾರನೆಯ ದಿನವೇ ಸಾರಕ್ಕಿಯಲ್ಲಿ ಸರೋಜಿನಿ ಹುಟ್ಟಿದಳು. ಹುಟ್ಟುವಾಗಲೇ ಅವಳಿಗೆ ಹದಿನೆಂಟು ವರ್ಷ, ನನ್ನದೇ ಕಾಲೇಜು, ನನ್ನದೇ ಬೆಂಚು. ನಾನು ಓದಲು ಒಯ್ದಿದ್ದ ಪತ್ರಿಕೆಯನ್ನು ಅವಳು ಕಸಿದುಕೊಂಡು ಮನೆಗೆ ಹೋದಳಂತೆ, ಓದಿ ಅತ್ತಳಂತೆ, ನಿಮಗೆ ಕಾಗದ ಕೊಟ್ಟಳಂತೆ. ನೇರಳೆ ಮಸಿಯಲ್ಲಿ, ಎಡಗೈಯಲ್ಲಿ, ಬಾಗಿಲ ಚಿಲಕ ಹಾಕಿಕೊಂಡು ನಾನು ಬರೆದ ಕಾಗದ ಅದು. ಒಂದೇ ಒಂದು ಕಾಗದ ಬರೆದು, ಒಂದು ವಾರ ನಿಮ್ಮನ್ನು ಆಟ ಆಡಿಸಿ, ಆಮೇಲೆ ಗೋಡೆ ಮೇಲೆ ನಿಂತು ಡಂಗುರ ಹೊಡೆಯಬೇಕು ಅಂತಿದ್ದೆ. ಆದರೆ ನೀವು ಅದನ್ನು ಓದಿ ಒಳಗೆ ಹೋಗಿ ಹಾರ್ಮೋನಿಯಂ ತೆಗೆದಿರಿ. ನಿಮ್ಮ ಹಾರ್ಮೋನಿಯಂ ಪ್ರತಿಭೆಯ ಬಗ್ಗೆ ಸತ್ತವರೆದುರು ಸುಳ್ಳು ಹೇಳಬಾರದು. ಆದರೂ ಅವತ್ತು ಆ ಶಬ್ದ ಕೇಳಿ ಡಂಗುರ ಹೊಡೆಯೋದು ಹೇಗೆ, ನೀವೇ ಹೇಳಿ? ಹೀಗೆ ಒಂದು ಕಾಗದ ಎರಡಾಯಿತು, ಎರಡು ಹದಿನಾಲ್ಕಾಯಿತು.

ಅವಳ ಮನೆ ಎಲ್ಲಿ ಅಂತ ನೀವು ಕೇಳಿದ ದಿನ ಮಾತ್ರ ನನಗೆ ಬೆವರು ಬಂತು. ಸಾರಕ್ಕಿ ನಮ್ಮ ಮನೆಯಿಂದ ನಡೆದು ಹೋಗುವಷ್ಟೇ ದೂರ, ಆದರೆ ನಾನು ಕಂಡಿದ್ದು ದೂರದಿಂದ, ಬಸ್ಸಿನ ಕಿಟಕಿಯಿಂದ. ಒಂದು ಕೆರೆ, ಒಂದಿಷ್ಟು ರಾಗಿ ಹೊಲ. “ಕೆರೆ ಏರಿ ಮೇಲೆ ಮಾಮ, ಹೆಂಚಿನ ಮನೆ, ಕಿಟಕಿ ತೆಗೆದ್ರೆ ಕೆಳಗೇ ನೀರು,” ಅಂದೆ. ನಿಮಗೆ ಅದು ಎಷ್ಟು ಹಿಡಿಸಿತು ಅಂದರೆ ಮುಂದಿನ ಕಂತಿನಲ್ಲಿ ವಿಮಲೆಯ ತವರುಮನೆಯನ್ನೂ ಒಂದು ಕೆರೆ ಏರಿಯ ಮೇಲೆ ಕಟ್ಟಿಸಿಬಿಟ್ಟಿರಿ! ಪೇಟೆಯಲ್ಲಿ ಹುಟ್ಟಿದ ಇಬ್ಬರು ಸೇರಿ ಮಾಡಿದ ಆ ಇಂಜಿನಿಯರಿಂಗ್ ಕೆಲಸದ ಫಲ ಏನಾಯಿತು ಅಂತ ಮುಂದೆ ಹೇಳುತ್ತೇನೆ.

ಈ ವರ್ಷದ ಮಾವಿನಕಾಯಿ ಕಾಲದಲ್ಲಿ, ಸೀತತ್ತೆ ಹೋಳುಗಳನ್ನು ಬಿಸಿಲಿಗೆ ಹರವಿದ್ದರು, ನಾನು ಉಪ್ಪಿನ ಪರೀಕ್ಷೆ ಎಂಬ ನೆಪದಲ್ಲಿ ಒಂದೊಂದೇ ಮುಗಿಸುತ್ತಿದ್ದೆ. ನೀವು ಹೊರಗೆ ಬಂದು ಸರೋಜಿನಿಗೆ ಅಂತ ಮಡಿಸಿದ ಹಾಳೆ ಕೊಟ್ಟಿರಿ. ಮೇಲೆ ದಪ್ಪಕ್ಷರದಲ್ಲಿ: ‘ಅಭಿಮಾನಿಗೆ ಹತ್ತು ಪ್ರಶ್ನೆ’. ನಿಮಗೆ ಎಲ್ಲಕ್ಕಿಂತ ಇಷ್ಟವಾದ ಕಥೆ ಯಾವುದು, ನನ್ನದೇ ಹೇಳಬೇಕಾಗಿಲ್ಲ (ಹೇಳಿದರೆ ಬೇಡ ಅನ್ನುವುದಿಲ್ಲ). ಮನೆಯಲ್ಲಿ ಯಾವ ಪ್ರಾಣಿ ಸಾಕಿದ್ದೀರಿ, ಅದು ನಿಮ್ಮನ್ನು ಸಾಕಿದೆಯೋ? ಎಮ್ಮೆಗೆ ಸಂಗೀತ ಕೇಳಿಸಬೇಕಾದರೆ ಯಾವ ರಾಗ ಹಾಡುತ್ತೀರಿ? ರೇಡಿಯೋದಲ್ಲಿ ಹಾಡು ಬರುವಾಗ ಜೊತೆಗೆ ಹಾಡುವವರಿಗೆ ಯಾವ ಶಿಕ್ಷೆ ಕೊಡಬೇಕು? ಕಥೆಯೊಳಗಿನ ಯಾರನ್ನಾದರೂ ಊಟಕ್ಕೆ ಕರೆಯಬಹುದಾದರೆ ಯಾರನ್ನು, ಏನು ಬಡಿಸುತ್ತೀರಿ? ಹೀಗೆ ಒಂಬತ್ತು. ಹತ್ತನೆಯದರ ಹತ್ತಿರ ಬಂದಾಗ ಮಾತ್ರ ನಿಮ್ಮ ಅಕ್ಷರ ಸಣ್ಣಗಾಗಿತ್ತು.

ಹತ್ತನೆಯದು ವಿಮಲೆಯದು. ಮೂರು ವರ್ಷ ಕಂತು ಕಂತಾಗಿ ಬೆಳೆಸಿದ ನಿಮ್ಮ ವಿಮಲೆ ದೂರದ ಸ್ಕೂಲಿನಲ್ಲಿ ಸಂಗೀತದ ಟೀಚರ್ ಕೆಲಸ ಹಿಡಿದು ಹೊರಟಿದ್ದಳು. ಕಾಲಬುಡದಲ್ಲಿ ಹಾರ್ಮೋನಿಯಂ ಪೆಟ್ಟಿಗೆ, ಕೈಯಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಬೆಕ್ಕು. ಬಸ್ಸು ಬಂತು, ಕಂಡಕ್ಟರ್ “ಬೆಕ್ಕಿಗೆ ಜಾಗ ಇಲ್ಲ” ಅಂದ. ಅಲ್ಲಿಗೆ ‘ಮುಂದಿನ ಸಂಚಿಕೆಗೆ’ ಅಂತ ಬರೆದು ಪೆನ್ನಿನ ಕ್ಯಾಪು ಹಾಕಿಬಿಟ್ಟಿರಿ. ಬೆಕ್ಕನ್ನು ಬಿಟ್ಟು ಬಸ್ಸು ಹತ್ತಬೇಕೋ, ಕೆಲಸ ಬಿಟ್ಟು ಮನೆಗೆ ಹಿಂತಿರುಗಬೇಕೋ? ಇದು ನಿಮ್ಮ ಪ್ರಶ್ನೆ. “ನನಗೇ ಗೊತ್ತಾಗ್ತಿಲ್ಲ ಕಣೇ. ಸರೋಜಿನಿ ಹೇಳಿದ ಹಾಗೆ ಬರೆದು ಮುಗಿಸ್ತೀನಿ. ನನ್ನನ್ನ ಓದೋಳು ಅಂದ್ರೆ ಅವಳೊಬ್ಬಳೇ,” ಅಂದಿರಿ.

“ಬಂತಾ?” ಅಂತ ನೀವು ಗೋಡೆಯ ಆಚೆಯಿಂದ ಕೇಳುತ್ತಿದ್ದ ಸಂಜೆಗಳನ್ನು ನಾನು ಎಣಿಸಿಲ್ಲ. ಮೂರು ವಾರ ಇರಬೇಕು. ನಾನೋ ಉತ್ತರಗಳಿಗೆ ಮಸಾಲೆ ಅರೆಯುತ್ತಿದ್ದೆ. ಎಮ್ಮೆಗೆ ಯಾವ ರಾಗ ಅಂತ ಐದು ಉತ್ತರ ಬರೆದು ಐದನ್ನೂ ಹರಿದೆ, ಇನ್ನೂ ನಗು ಬರಬೇಕು ಅಂತ. “ಅವಳಿಗೆ ಪರೀಕ್ಷೆ ಮಾಮ,” ಅಂತಿದ್ದೆ. ಆ ಮಂಗಳವಾರವೂ ನೀವು ಶಾಲು ಹೊದ್ದು, ಎದೆ ಉಜ್ಜಿಕೊಳ್ಳುತ್ತಾ, ಗೋಡೆಯ ಹತ್ತಿರ ಬಂದು “ಬಂತಾ?” ಅಂದಿರಿ. “ನಾಳೆ ಖಂಡಿತ ಮಾಮ,” ಅಂದೆ. ಆ ನಾಳೆಯ ಬೆಳಿಗ್ಗೆ ನಿಮ್ಮ ಮನೆಯ ಮುಂದೆ ಚಪ್ಪಲಿಗಳು... ಇಲ್ಲಿ ದಿವಾನರು ಪಕ್ಕಕ್ಕೆ ಹೊರಳಿದರು, ಎರಡು ಸಾಲು ಬರೆಯಲಾಗಲಿಲ್ಲ.

ನಿಮ್ಮ ಹದಿಮೂರನೆಯ ದಿನ ಮುಗಿದ ಮಾರನೆಯ ಬೆಳಿಗ್ಗೆ ನಾನು ಹಾಲಿನ ಪಾತ್ರೆ ಹಿಡಿದು ಗೇಟಿಗೆ ಬಂದೆ. ಸಾರಕ್ಕಿಯಿಂದ ದಿನಾ ಹಾಲು ತರುವ ಮುನಿಯಮ್ಮ ನಿಮ್ಮ ಮನೆಯ ಮುಂದೆ ನಿಂತಿದ್ದಳು. ಸೀತತ್ತೆಯ ಕೈಯಲ್ಲಿ ಕೊನೆಯ ಸಂಚಿಕೆಯೂ ಪ್ರಶ್ನೆಯ ಹಾಳೆಯೂ ಇದ್ದವು. ಆ ಹಾಳೆ ನೀವಿಟ್ಟುಕೊಂಡಿದ್ದ ನಕಲು.

“ನಿಮ್ಮೂರಲ್ಲಿ ಸರೋಜಿನಿ ಅಂತ ಕಾಲೇಜು ಹುಡುಗಿ ಇದ್ದಾಳಲ್ಲ ಮುನಿಯಮ್ಮ, ಏರಿ ಮೇಲಿನ ಮನೆ. ಇದನ್ನ ಅವಳ ಕೈಗೆ ಕೊಡು. ಯಜಮಾನರು ಅವಳ ಉತ್ತರಕ್ಕೆ ಕಾಯ್ತಿದ್ರು ಅಂತ ಹೇಳು.”

“ನಮ್ಮೂರಾಗಾ? ಕಾಲೇಜ್ಗಾ?” ಮುನಿಯಮ್ಮ ಕ್ಯಾನು ಕೆಳಗಿಟ್ಟಳು. “ಅಂತೋಳ್ಯಾರೂ ಇಲ್ವಲ್ಲವ್ವಾ.”

ಸಿಡಿಲು, ಗುಡುಗು, ಪ್ರಳಯ ಮೊದಲಾದವುಗಳ ಬಗ್ಗೆ ನೀವು ಕಾದಂಬರಿಯಲ್ಲಿ ಬರೆದದ್ದೆಲ್ಲ ನಿಜ ಅಂತ ಆ ಕ್ಷಣ ನನಗೆ ಗೊತ್ತಾಯಿತು. ಹಾಲಿನ ಪಾತ್ರೆಯನ್ನು ಮುಖಕ್ಕೆ ಅಡ್ಡ ಹಿಡಿದೆ. “ಇರ್ಲಿ ಬಿಡಿ, ನಮ್ ಸೊಸೆ ರತ್ನ ಓದ್ತಾಳೆ, ಅವ್ಳ್ಗೆ ಕೊಟ್ ವಿಚಾರಿಸ್ತೀನಿ,” ಅಂತ ಮುನಿಯಮ್ಮ ನಿಮ್ಮ ಸಾಹಿತ್ಯ ಸಾಮ್ರಾಜ್ಯವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು.

ಅವತ್ತು ಮಧ್ಯಾಹ್ನ ನಾನು ಗೋಡೆ ಹಾರದೆ, ಮರ್ಯಾದೆಯಾಗಿ ಗೇಟು ತೆಗೆದುಕೊಂಡು ನಿಮ್ಮ ಮನೆಗೆ ಹೋದೆ. ಸೀತತ್ತೆಗೆ ಅಷ್ಟರಿಂದಲೇ ಏನೋ ಅನುಮಾನ ಬಂದಿರಬೇಕು. ಎಲ್ಲಾ ಹೇಳಿದೆ. ಅವರು ಗೋಧಿ ಆರಿಸುತ್ತಿದ್ದ ಮೊರವನ್ನು ಕೆಳಗಿಡಲಿಲ್ಲ.

“ಹದಿನಾಲ್ಕೂ ನೀನೇನಾ?”

“ಹ್ಞೂಂ ಅತ್ತೆ.”

“ಬೇಸಿಗೇಲಿ ಮಲ್ಲಿಗೆ ಒಣಗಿಸಿ ಇಟ್ಟು ಕಳಿಸಿದ್ದಳಲ್ಲ, ಅದು?”

“ನಿಮ್ಮ ಬಳ್ಳೀದೇ ಅತ್ತೆ.”

ಸೀತತ್ತೆ ಬಹಳ ಹೊತ್ತು ಗೋಧಿ ಆರಿಸಿದರು. ಆಮೇಲೆ ನನ್ನ ಕಿವಿ ಹಿಡಿದು, ನಿಜವಾಗಿ ನೋಯುವ ಹಾಗೆ ತಿರುವಿ, “ಹದಿನೈದನೇದು ಬೇಗ ಬರೆಯೋಕೆ ನಿನಗೇನು ರೋಗ ಬಂದಿತ್ತೇ?” ಅಂದರು. ಅಷ್ಟೇ. ನಿಮಗೆ ಮೊದಲಿನಿಂದಲೂ ಗೊತ್ತಿತ್ತು ಅಂತ ಅವರು ಹೇಳಿದ್ದರೆ ನನಗೆ ಎಷ್ಟು ಹಗುರಾಗುತ್ತಿತ್ತು! ಅವರು ಹೇಳಲಿಲ್ಲ. ಮಾಮ, ನಿಮಗೆ ಗೊತ್ತಿತ್ತೇ? ಇಲ್ಲದಿದ್ದರೆ ಈಗ ಗೊತ್ತಾಯಿತಲ್ಲ. ನನ್ನ ಇನ್ನೊಂದು ಕಿವಿಯನ್ನು ನಿಮಗಾಗಿ ಖಾಲಿ ಇಟ್ಟಿದ್ದೇನೆ.

ಭಾನುವಾರ ಮುನಿಯಮ್ಮನ ಜೊತೆ ರತ್ನ ತಾನೇ ಬಂದಳು. ನನಗಿಂತ ಒಂದೆರಡು ವರ್ಷ ದೊಡ್ಡವಳಿರಬೇಕು, ಕಂಕುಳಲ್ಲಿ ಮಗು, ಮಗುವಿನ ಕೈಯಲ್ಲಿ ನಿಮ್ಮ ಪತ್ರಿಕೆ. ಒಂದು ಮೂಲೆ ತಿಂದು ಹೋಗಿದೆ, ಅದನ್ನು ‘ಓದುಗರ ಮಾತು’ ಅಂತ ತಿಳಿಯಬೇಕಾಗಿ ವಿನಂತಿ. ಜಗುಲಿಯ ಮೇಲೆ ಕೂರುವ ಮೊದಲೇ ಕೇಳಿದಳು, “ಏರಿ ಮೇಲೆ ಮನೆ ಅಂತ ಬರ್ದೋರು ಯಾರು?”

ನಾನು ಸೀತತ್ತೆಯನ್ನು ನೋಡಿದೆ. ಅವರು ಮಲ್ಲಿಗೆ ಬಳ್ಳಿಯನ್ನು ನೋಡಿದರು.

“ಏರಿ ಮೇಲೆ ಯಾರಾನಾ ಮನೆ ಕಟ್ತಾರಾ? ಅಲ್ಲಿರೋದು ಮುನೇಶ್ವರನ ಕಲ್ಲೊಂದೇ. ಮಳೆಗಾಲ್ದಾಗೆ ವಿಮಲಮ್ಮನ ತವ್ರುಮನೆ ಕೊಚ್ಕೊಂಡೋಗ್ತದೆ, ಆವಾಗೇನ್ ಮಾಡ್ತೀರಿ?”

“ಅಕ್ಕ, ಕಥೆ ಹೇಗಿದೆ?” ಅಂತ ಕೇಳಿದೆ, ನಿಮ್ಮ ಪರವಾಗಿ.

“ಕಥೆ ಚೆನ್ನಾಗದೆ. ಅದ್ಕೇ ಅಲ್ವಾ ಮನೆ ಕೊಚ್ಕೊಂಡೋದ್ರೆ ಅಂತ ಯೋಚ್ನೆ,” ಅಂದಳು. ತಾನು ಓದಿ, ಅತ್ತೆಗೆ ಓದಿ ಹೇಳಿ, ಪಕ್ಕದ ಮನೆಯವರನ್ನೂ ಕೂರಿಸಿಕೊಂಡು ಮತ್ತೆ ಓದಿದಳಂತೆ. ಸೆರಗಿನಿಂದ ಪ್ರಶ್ನೆಯ ಹಾಳೆ ತೆಗೆದಳು. ಹತ್ತಕ್ಕೂ ಪೆನ್ಸಿಲಿನಲ್ಲಿ ಉತ್ತರ ಬರೆದಿದ್ದಳು, ಮಾಮ. ಸಾಕಿದ ಪ್ರಾಣಿ: ಮೂರು ಎಮ್ಮೆ, ಒಂದು ನಾಯಿ, ಮತ್ತು ಗಂಡ. ಎಮ್ಮೆಗೆ ಯಾವ ರಾಗ: ಹಾಲು ಕರೆಯುವಾಗ ನಮ್ಮತ್ತೆ ಗುನುಗುತ್ತಾರೆ, ಅದಕ್ಕೆ ಹೆಸರಿಲ್ಲ, ಬೇರೆ ಹಾಡಿದರೆ ಎಮ್ಮೆ ಒದೆಯುತ್ತದೆ. ಊಟಕ್ಕೆ ಯಾರು: ವಿಮಲಮ್ಮ, ಮುದ್ದೆ, ಸೊಪ್ಪಿನ ಸಾರು, ಪಾಪ ಇಪ್ಪತ್ತು ಪುಟದಿಂದ ಅವಳಿಗೆ ಯಾರೂ ಊಟ ಹಾಕಿಲ್ಲ. ನಿಜ ಮಾಮ, ನಾನು ತಿರುವಿ ನೋಡಿದೆ. ಮದುವೆ ಮನೆ ಆದಮೇಲೆ ಅವಳು ಒಂದು ತುತ್ತೂ ತಿಂದಿಲ್ಲ!

ಹತ್ತನೆಯ ಉತ್ತರವನ್ನು ರತ್ನ ಬಾಯಲ್ಲೇ ಹೇಳಿದಳು. “ಬಸ್ಸು ಯಾಕ್ ಬೇಕು? ನಮ್ಮತ್ತೆ ದಿನಾ ತಲೆ ಮೇಲೆ ಕ್ಯಾನ್ ಹೊತ್ಕೊಂಡು ಜಯನಗರ್ಕೆ ನಡ್ಕೊಂಡ್ ಬರಲ್ವಾ? ಆ ಪೆಟ್ಟಿಗೆ ತಲೆ ಮೇಲಿಟ್ಕೊಂಡು ನಡೀಲಿ. ಕಾಲು ನೋವಾದ್ರೆ ನಮ್ಮೂರಾಗೆ ಉಳ್ಕೊಂಡು ಮಾರ್ನೆ ದಿನ ಹೋಗ್ಲಿ. ಬೆಕ್ಕು ಹಿಂದೇನೇ ಬತ್ತದೆ.”

ನೀವು ಮೂರು ವಾರ, ನಾನು ಒಂದೂವರೆ ತಿಂಗಳು ತಲೆ ಕೆಡಿಸಿಕೊಂಡದ್ದು ಇದಕ್ಕೆ. ಸೀತತ್ತೆ ನಕ್ಕರು. ನೀವು ಹೋದಮೇಲೆ ಅದೇ ಮೊದಲು.

ನಾನೂ ಆ ಹತ್ತು ಪ್ರಶ್ನೆಗೆ ಬಲಗೈಯಲ್ಲಿ ಉತ್ತರ ಬರೆದಿದ್ದೇನೆ, ಮೂರನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಇಷ್ಟವಾದ ಕಥೆ ನಿಮ್ಮದು, ಬೇಡ ಅನ್ನಬೇಡಿ. ಸಾಕಿದ ಪ್ರಾಣಿ ಇಷ್ಟು ದಿನ ಇರಲಿಲ್ಲ, ಈಗ ದಿವಾನರು ಹಗಲು ನಮ್ಮ ಮನೆಯಲ್ಲಿ, ಊಟಕ್ಕೆ ನಿಮ್ಮ ಮನೆಯಲ್ಲಿ. ಇಷ್ಟವಾದ ಸಂಗೀತ: ಗೋಡೆಯಾಚೆ ಯಾರೋ ಹಾರ್ಮೋನಿಯಂ ನುಡಿಸುತ್ತಾ ಅದೇ ಜಾಗದಲ್ಲಿ ತಪ್ಪಿ, “ಥತ್” ಅಂದು, ಮತ್ತೆ ಮೊದಲಿನಿಂದ ಶುರು ಮಾಡುವುದು. ಹದಿನಾಲ್ಕು ಕಾಗದ ಬರೆಯುವಾಗ ನಾನು ಸರೋಜಿನಿಯ ಹೆಸರಲ್ಲಿ ಸುಳ್ಳು ಹೇಳುತ್ತಿದ್ದೇನೆ ಅಂದುಕೊಂಡಿದ್ದೆ. ಅತ್ತದ್ದೊಂದು ಬಿಟ್ಟರೆ ಯಾವುದೂ ಸುಳ್ಳಾಗಿರಲಿಲ್ಲ. ಈಗ ಅದೂ ನಿಜವಾಗಿದೆ.

ಸುದ್ದಿ ಇದು. ‘ಅಡ್ಡರಸ್ತೆ’ ನಿಲ್ಲುವುದಿಲ್ಲ. ಕೊನೆಯ ಕಂತನ್ನು ರತ್ನಕ್ಕ ಹೇಳುತ್ತಾಳೆ, ನಾನು ಬರೆಯುತ್ತೇನೆ, ಸೀತತ್ತೆ ಹೊಲಿಯುತ್ತಾರೆ. ಪತ್ರಿಕೆ ಸುತ್ತುವ ಮನೆಗಳಿಗೆ ಹನ್ನೆರಡನೆಯದೊಂದು ಸೇರಿದೆ, ಸಾರಕ್ಕಿಯಲ್ಲಿ. ಏರಿಯ ಮೇಲಲ್ಲ, ಕೆಳಗೆ. ಸಂಚಿಕೆ ಈಗ ಹಾಲಿನ ಕ್ಯಾನಿನ ಜೊತೆ ಹೋಗಿಬರುತ್ತದೆ. ವಿಮಲೆಗೆ ಮೊದಲು ಊಟ ಹಾಕಿಸುತ್ತೇವೆ, ಆಮೇಲೆ ಹಾರ್ಮೋನಿಯಂ ತಲೆಗೇರಿಸಿ ನಡೆಸುತ್ತೇವೆ. ನಾನಿರುವ ತನಕ ಅವಳನ್ನು ಬಿಸಿಲಿನಲ್ಲಿ ನಿಲ್ಲಿಸುವುದಿಲ್ಲ, ಇದು ಮಾತು.

ಇವತ್ತು ಸಂಜೆ ಅಭ್ಯಾಸಬಲದಿಂದ ಗೋಡೆಯ ಹತ್ತಿರ ಹೋಗಿ ನಿಂತಿದ್ದೆ. ಆಚೆಯಿಂದ ಯಾರೂ ಕೇಳಲಿಲ್ಲ. ಆದರೂ ಉತ್ತರ ಹೇಳಿಯೇ ಬಂದೆ.

ಬಂತು, ಮಾಮ.

ನಿಮ್ಮ ಅಭಿಮಾನಿ,
ಪದ್ದು