ಊರಿಗೇ ಬಂದ ಕೋರ್ಟು

ಕುಶಾಲನಗರ
೧೩-೧೧-೨೦೨೫, ಗುರುವಾರ

ನಮ್ಮ ಮನೆಯವರಿಗೆ,

ಆಶಾ ಮಾಡುವ ನಮಸ್ಕಾರಗಳು. ‘ನಮ್ಮ ಮನೆಯವರು’ ಎನ್ನುವ ಹಕ್ಕು ಶನಿವಾರದವರೆಗಾದರೂ ನನಗಿದೆಯಲ್ಲ, ಅದಕ್ಕೇ ಹಾಗೆ ಬರೆದೆ. ನಗಬೇಡಿ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನು ಹಿಡಿದರೆ ನಿಮ್ಮ ಬಾಯಿಂದ ‘ಹೂಂ’ ಬಿಟ್ಟು ಬೇರೇನೂ ಹೊರಡುವುದಿಲ್ಲ. ಆ ಹೂಂ ಕೇಳಿದರೆ ನನಗೆ ಸಿಟ್ಟು ನೆತ್ತಿಗೇರಿ ಹೇಳಬೇಕಾದದ್ದೇ ಮರೆತುಹೋಗುತ್ತದೆ. ಶನಿವಾರ ಕೋರ್ಟಿನ ಬಾಗಿಲಲ್ಲಿ ಈ ಕಾಗದವನ್ನು ನಿಮ್ಮ ಕೈಗೆ ಕೊಡುತ್ತೇನೆ. ಒಳಗೆ ಹೋಗುವ ಮುಂಚೆ ದಯವಿಟ್ಟು ಓದಿ.

ಅಂತೂ ನಮ್ಮೂರಿಗೆ ಸಂಚಾರಿ ನ್ಯಾಯಾಲಯ ಬಂದೇಬಿಟ್ಟಿತು. ಇನ್ನು ಮೇಲೆ ನ್ಯಾಯಾಧೀಶರೇ ಮಡಿಕೇರಿಯಿಂದ ಇಳಿದು ಬಂದು ಇಲ್ಲಿ ಕೂತು ನಮ್ಮ ಕಡೆಯ ಕೇಸುಗಳನ್ನು ನಡೆಸುತ್ತಾರಂತೆ. ಹಳೆಯ ಸಮುದಾಯ ಭವನಕ್ಕೆ ಸುಣ್ಣ ಬಳಿದಿದ್ದಾರೆ. ಕಟಕಟೆ ಮಾಡಿದ್ದು ನಮ್ಮ ಬೀದಿಯ ಬಡಗಿಯೇ. ಅದಕ್ಕೆ ಹೊಡೆದ ವಾರ್ನಿಷ್ ವಾಸನೆ ನಾನು ಹೊಲಿಗೆಗೆ ಕೂರುವ ಅಂಗಡಿಯವರೆಗೂ ಬರುತ್ತಿದೆ.

ಸತೀಶಣ್ಣನನ್ನು ಹಿಡಿಯುವವರೇ ಇಲ್ಲ. ಧರಣಿ, ಮನವಿ, ಮಂತ್ರಿಗಳ ಮನೆ ಬಾಗಿಲು ಎಂದು ಅವನು ತಿರುಗಿದ್ದಕ್ಕೆ ಲೆಕ್ಕವಿಲ್ಲ. ಧರಣಿಯ ದಿನ ನನ್ನನ್ನೇ ಮುಂದಿನ ಸಾಲಿನಲ್ಲಿ ಕೂರಿಸಿದ್ದ. ಮೈಕಿನಲ್ಲಿ, ನನ್ನ ತಂಗಿ ಒಂದು ತಾರೀಕಿಗೋಸ್ಕರ ಬೆಟ್ಟ ಹತ್ತಿ ಹತ್ತಿ ಸಾಯ್ತಾವ್ಳೆ, ನೀವೇ ಕೇಳಿ ಬೇಕಾದ್ರೆ ಎಂದು ಕೂಗಿ ಮೈಕನ್ನು ನನ್ನ ಬಾಯಿಗೇ ಹಿಡಿದ. ಅಷ್ಟು ಜನ ನೋಡುತ್ತಿದ್ದರು. ಹೋಗಿ ಬಂದು ಸಾಕಾಗೋಗದೆ ಅಂದುಬಿಟ್ಟೆ. ಮರುದಿನ ಪೇಪರಿನಲ್ಲಿ ನನ್ನ ಫೋಟೋ ಬಂತು. ನೀವೂ ನೋಡಿರುತ್ತೀರಿ.

ಸಾಕಾಗಿದ್ದು ನಿಜ. ಆದರೆ ಸಾಕಾಗಿದ್ದು ಮಡಿಕೇರಿ ಬಸ್ಸಲ್ಲ ಕಣ್ರೀ.

ನಾನು ಆ ತಾರೀಕುಗಳಿಗಾಗಿ ಕಾಯುತ್ತಿದ್ದೆ. ನೀವು ಹುಣಸೂರು ಕಡೆಯಿಂದ ಆ ಬಸ್ಸಿನಲ್ಲೇ ಬರುತ್ತೀರಿ ಎಂದು ನನಗೆ ಗೊತ್ತಿತ್ತು, ಪಕ್ಕದ ಸೀಟಿಗೆ ಟವೆಲ್ ಹಾಕಿ ಹಿಡಿದಿರುತ್ತೀರಿ ಎಂದೂ ಗೊತ್ತಿತ್ತು. ನಾನು ಹತ್ತಿದ ಕೂಡಲೇ ಟವೆಲ್ ತೆಗೆದು ಕಿಟಕಿಯಾಚೆ ನೋಡುತ್ತಾ ಕೂರುತ್ತಿದ್ದಿರಿ, ಏನೂ ಗೊತ್ತಿಲ್ಲದವರ ಹಾಗೆ. ಕಂಡಕ್ಟರ್ ಬಂದರೆ ‘ಎರಡು ಮಡಿಕೇರಿ’ ಅನ್ನುತ್ತಿದ್ದಿರಿ. ಗುಡ್ಡೆಹೊಸೂರು ದಾಟುವವರೆಗೆ ಇಬ್ಬರೂ ಮೂಗರು. ಆನೆಕಾಡು ಬಂದ ಮೇಲೆ ಶುಂಠಿಗೆ ಬಂದ ರೋಗ, ನಿಮ್ಮ ತಾಯಿಯ ಮಂಡಿನೋವು, ನಾನು ಹೊಲಿದ ರವಿಕೆಗೆ ತಕರಾರು ತೆಗೆದ ಹೆಂಗಸರ ಕಥೆ. ಸುಂಟಿಕೊಪ್ಪದ ಹೊತ್ತಿಗೆ ನೀವು ನಿದ್ದೆ ಹೋಗಿ ನನ್ನ ಭುಜಕ್ಕೆ ತಲೆ ಒರಗಿಸುತ್ತಿದ್ದಿರಿ. ನಾನು ಏಳಿಸುತ್ತಿರಲಿಲ್ಲ. ವಿರುದ್ಧ ಪಾರ್ಟಿಯವರು ಜೊತೆಯಲ್ಲಿ ಕಾಣಿಸಿಕೊಳ್ಳಬಾರದು ಎಂದು ವಕೀಲರು ಗದರಿದ ಮೇಲೆ ನೀವು ಒಂದು ಸ್ಟಾಪ್ ಹಿಂದೆಯೇ ಇಳಿದು ನಡೆದು ಬರುತ್ತಿದ್ದಿರಿ. ಮಳೆಯಲ್ಲೂ. ಆಮೇಲೆ ಕೋರ್ಟಿನ ಬೆಂಚಿನಲ್ಲಿ ಎದುರುಬದುರು ಕೂತು ನಾವು ಅಪರಿಚಿತರಾಗುತ್ತಿದ್ದೆವು. ನ್ಯಾಯಾಧೀಶರು ರಜೆ ಎಂದೋ, ವಕೀಲರು ಬಂದಿಲ್ಲ ಎಂದೋ ತಾರೀಕು ಮುಂದೆ ಹೋದರೆ ಎಲ್ಲರೂ ಶಾಪ ಹಾಕುತ್ತಿದ್ದರು. ನನಗೆ ಮಾತ್ರ ಒಳಗೊಳಗೇ ಸಮಾಧಾನ.

ನಮ್ಮಿಬ್ಬರಿಗೆ ಆಗಿದ್ದಾದರೂ ಏನು? ಗೌರಿ ಹಬ್ಬಕ್ಕೆ ತವರಿಗೆ ಬಂದವಳನ್ನು ಗಂಡನೇ ಬಂದು ಕರೆದುಕೊಂಡು ಹೋಗಬೇಕು ಎನ್ನುವುದು ನಮ್ಮ ಕಡೆಯ ಪದ್ಧತಿ. ಆ ವಾರ ಶುಂಠಿಗೆ ಕೊಳೆರೋಗ ಬಿದ್ದಿತ್ತು, ನೀವು ಹೊಲ ಬಿಟ್ಟು ಬರುವ ಹಾಗಿರಲಿಲ್ಲ. ಕೆಲಸದ ನಿಂಗನ ಕೈಯಲ್ಲಿ ಜೀಪು ಕಳಿಸಿದಿರಿ. ಅಣ್ಣ ಬಾಗಿಲಲ್ಲೇ ನಿಂತು, ಆಳ್ ಕೈಲಿ ಕಳ್ಸಕ್ಕೆ ನಮ್ ಹುಡ್ಗಿ ಏನ್ ಗೊಬ್ರದ ಮೂಟೆನಾ ಎಂದು ಜೀಪನ್ನು ಖಾಲಿ ಕಳಿಸಿದ. ಬ್ಯಾಗು ತುಂಬಿಟ್ಟುಕೊಂಡು ಒಳಗೆ ನಿಂತಿದ್ದ ನನ್ನನ್ನು ಅವನು ಕೇಳಲಿಲ್ಲ. ಖಾಲಿ ಜೀಪು ನೋಡಿ, ನಾನೇ ಬರಲ್ಲ ಅಂದೆ ಎಂದುಕೊಂಡಿರಿ, ನೀವೂ ಕೇಳಲಿಲ್ಲ. ನೀವೇ ಕರೆಯಲು ಬರಲಿ ಎಂದು ಅಣ್ಣ, ಅಣ್ಣನೇ ಕಳಿಸಿಕೊಡಲಿ ಎಂದು ನೀವು. ನಿಮ್ಮಿಬ್ಬರ ಮರ್ಯಾದೆ ಉಳಿಯಿತು, ವಿಷಯ ವಿಚ್ಛೇದನದ ಕೇಸಿನವರೆಗೆ ಹೋಯಿತು. ನಾಲ್ಕು ವರ್ಷದಿಂದ ನಾನು ಇಲ್ಲಿ ಅತ್ತಿಗೆಯ ಅಡುಗೆಮನೆಯಲ್ಲಿ ಕೇಳಿ ಕೇಳಿ ಉಪ್ಪು ತೆಗೆದುಕೊಳ್ಳುತ್ತಿದ್ದೇನೆ.

ಶನಿವಾರ ಮೊದಲು ಕೂಗುವುದು ನಮ್ಮ ಕೇಸೇ ಅಂತೆ. ಇಬ್ಬರನ್ನೂ ನಿಲ್ಲಿಸಿ ಒಪ್ಪಿಗೆಯೇ ಎಂದು ಕೇಳುತ್ತಾರೆ, ಒಪ್ಪಿದರೆ ಅವತ್ತೇ ಬೇರೆ ಮಾಡಿ ಕಳಿಸುತ್ತಾರೆ ಎಂದು ವಕೀಲರು ಹೇಳಿದ್ದಾರೆ. ಅದಕ್ಕೇ ಇಷ್ಟೆಲ್ಲ ಬರೆದದ್ದು.

ನೀವು ಒಪ್ಪಬೇಡಿ. ಇಲ್ಲ ಅಂದುಬಿಡಿ. ನೀವು ಅಷ್ಟು ಅಂದರೆ ಮಿಕ್ಕಿದ್ದನ್ನು ನಾನು ಹೇಳುತ್ತೇನೆ, ಎಷ್ಟು ಜನ ಇದ್ದರೂ ಹೇಳುತ್ತೇನೆ. ನನಗೋಸ್ಕರವೇ ಕೋರ್ಟು ತಂದೆ ಎಂದು ಊರೆಲ್ಲ ಹೇಳಿಕೊಂಡು ತಿರುಗುವ ಅಣ್ಣನ ಎದುರು ಮೊದಲ ಮಾತು ಮಾತ್ರ ನನ್ನಿಂದ ಆಗುವುದಿಲ್ಲ. ಶುಂಠಿ ಹೊಲದಲ್ಲಿ ನಾವಿದ್ದ ಆ ತಗಡಿನ ಶೆಡ್ಡು ನನಗೆ ಈಗಲೂ ಹಿಡಿಸುವುದಿಲ್ಲ, ಸುಳ್ಳು ಯಾಕೆ ಹೇಳಲಿ. ಮಳೆ ಬಂದರೆ ತಲೆಯ ಮೇಲೇ ಡೋಲು ಬಡಿದಂತಿರುತ್ತದೆ. ಆದರೂ ಬರುತ್ತೇನೆ.

ಇಂತಿ,
ನಿಮ್ಮ ಆಶಾರಾಣಿ

ತಾ.ಕ.: ಶನಿವಾರ ಮಧ್ಯಾಹ್ನ ಇದನ್ನು ಸೇರಿಸುತ್ತಿದ್ದೇನೆ. ಕಾಗದ ನನ್ನ ಬ್ಯಾಗಿನಲ್ಲೇ ಉಳಿಯಿತು. ಬಾಗಿಲ ತುಂಬ ಹಾರ ಹಿಡಿದವರು, ಫೋಟೋದವರು, ಅಣ್ಣನ ಕಡೆಯವರು. ನಿಮ್ಮ ಹತ್ತಿರ ಬರಲು ದಾರಿಯೇ ಸಿಗಲಿಲ್ಲ. ನ್ಯಾಯಾಧೀಶರು ಮೊದಲು ನಿಮ್ಮನ್ನು ಕೇಳಿದರು. ನೀವು ಒಂದು ಸಲ ನನ್ನ ಮುಖ ನೋಡಿ, ಒಪ್ಪಿಗೆ ಸ್ವಾಮಿ ಅಂದಿರಿ. ಆಮೇಲೆ ನಾನೂ ಅದನ್ನೇ ಅಂದೆ. ಹೊರಗೆ ಹೊಸ ಕೋರ್ಟಿನ ಲೆಕ್ಕದಲ್ಲಿ ಎಲ್ಲರಿಗೂ ಲಾಡು ಹಂಚುತ್ತಿದ್ದರು. ಯಾರೋ ನಿಮ್ಮ ಕೈಗೂ ಒಂದು ಇಟ್ಟರು. ನೀವು ಅದನ್ನು ಹಿಡಿದುಕೊಂಡೇ ರಸ್ತೆ ದಾಟಿ ಹೋದಿರಿ.

ನೀವು ಹೋದ ಮೇಲೆ ನಮ್ಮ ಕಡೆಯ ವಕೀಲರು ನಗುತ್ತಾ ಹೇಳಿದರು: ನಿಮ್ ಯಜಮಾನ್ರು ವಿಚಿತ್ರ ಕಣಮ್ಮ, ಕೇಸು ಮಡಿಕೇರಿಲೇ ಇರ್ಲಿ, ಇಲ್ಲಿಗೆ ತರ್ಬೇಡಿ ಅಂತ ಹೋದ ತಿಂಗ್ಳು ಅರ್ಜಿ ಹಾಕಿದ್ರು; ನಿಮ್ಗೆ ಅವ್ರ ಜೊತೆ ಆ ಮಡಿಕೇರಿ ದಾರಿ ಬೇಡ್ವೇ ಬೇಡ ಅಂತ ಕೋರ್ಟಲ್ಲಿ ಹೇಳಿ ನಾವೇ ತಳ್ಳಿ ಹಾಕಿಸಿದ್ವಿ, ಸತೀಶಣ್ಣ ನಿಮ್ಗೆ ಹೇಳ್ಲಿಲ್ವಾ?

ಹೇಳಲಿಲ್ಲ. ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಆ ಮಾತು ನನ್ನದೇ ಎಂದು ನಂಬಿಕೊಂಡು ಇವತ್ತು ಒಪ್ಪಿಗೆ ಅಂದಿರಾ?