ಲಾರಿ ಶೆಡ್ಡಿನ ಮಣ್ಣಿಗೆ ಗಾಳಿ

ಮರಿಯಮ್ಮನಹಳ್ಳಿ
9 ಮಾರ್ಚ್ 2025

ಪ್ರೀತಿಯ ಅಪ್ಪಾ,

ಮೊಣಕಾಲಿನ ಬಾವು ಇಳಿಯಿತೇ? ಕಂಪ್ಲಿಯಲ್ಲಿ ಅಕ್ಕ ನಿಮ್ಮನ್ನು ಮಹಡಿ ಹತ್ತಲು ಬಿಡುತ್ತಿಲ್ಲವಂತೆ. ಬಿಡಬಾರದು. ಫೋನಿನಲ್ಲಿ ಶೆಡ್ಡಿನ ಮಾತು ತೆಗೆದರೆ "ಇರ್ಲಿ ಬಿಡವಾ, ನಿಮ್ಮಣ್ಣ ನೋಡ್ಕೊಂತಾನ" ಎಂದು ಇಟ್ಟುಬಿಡುತ್ತೀರಿ. ಕಾಗದವಾದರೆ ಕೊನೆಯವರೆಗೆ ಓದುವವರು ನೀವು, ಅದಕ್ಕೇ ಬರೆಯುತ್ತಿದ್ದೇನೆ.

ಶೆಡ್ಡಿನ ನೆಲದಡಿಯ ಡೀಸೆಲ್ ಟ್ಯಾಂಕು ಸೋರಿದ್ದು ನಿಮಗೆ ಗೊತ್ತು. ಟ್ಯಾಂಕು ತೆಗೆಸಿದೆವು, ಮಣ್ಣು ಕುಡಿದದ್ದು ಮಣ್ಣಿನಲ್ಲೇ ಉಳಿಯಿತು. ನಾನು ಆ ಮಣ್ಣನ್ನು ಅಗೆಸಿ ಅಂಗಳದ ತುಂಬ ಹರಡಿಸಿದ್ದೇನೆ. ಅದರ ಮೇಲೆ ಕಾಂಕ್ರೀಟ್ ಬಡಿದು ಮುಚ್ಚಬೇಕೆಂಬುದು ಅಣ್ಣನ ಹಟ. ನೀವು ಹ್ಞೂಂ ಅಂದರೆ ಮಂಗಳವಾರ ಕಾಂಕ್ರೀಟಿನ ಗಾಡಿ ಬರುತ್ತದೆ. ಕಾಂಕ್ರೀಟಿನಿಂದ ವಾಸನೆ ಮುಚ್ಚುತ್ತದೆ, ನಿಜ. ಆದರೆ ಡೀಸೆಲ್ ತಿಂದು ಕರಗಿಸುವ ಸೂಕ್ಷ್ಮಜೀವಿಗಳು ಆ ಮಣ್ಣಿನಲ್ಲೇ ಇವೆ, ಅವಕ್ಕೂ ಆಮ್ಲಜನಕ ಬೇಕು. ಎಷ್ಟು ಗಾಳಿ ಇಳಿದರೆ ಎಷ್ಟು ಡೀಸೆಲ್ ಕರಗೀತು ಎಂದು ಕಂಪ್ಯೂಟರಿನಲ್ಲಿ ಮಾದರಿ ಕಟ್ಟಿ ನೋಡುವುದೇ ನನ್ನ ಪಿಎಚ್.ಡಿ. ಕೆಲಸ. ಗಾಳಿಯಾಡಿಸಿದರೆ ಎರಡು ಬೇಸಿಗೆಯಲ್ಲಿ ಬಹುಪಾಲು ಹೋಗುತ್ತದೆ. ಮುಚ್ಚಿದರೆ ನಾವೆಲ್ಲ ಹೋದ ಮೇಲೂ ಇರುತ್ತದೆ, ಮೆಲ್ಲಗೆ ಹಿಂದಿನ ಮನೆಯ ದುರ್ಗಕ್ಕನ ಬಾವಿಯ ಕಡೆ ಸರಿಯುತ್ತದೆ.

"ಆಕಿ ಹುಳ ಎಲ್ಲಾ ಸತ್ತುವು" ಎಂದು ಅಣ್ಣ ನಿಮಗೆ ಹೇಳಿದ್ದಾನಂತೆ. ನಡೆದದ್ದು ಇಷ್ಟೇ. ಮಣ್ಣು ಹಸಿಯಾಗಿರಲಿ ಎಂದು ಶೆಡ್ಡಿನ ಓಬಳೇಶನಿಗೆ ಹೇಳಿ ಬಳ್ಳಾರಿಗೆ ಹೋಗಿದ್ದೆ. ಅವನು ಬುಕ್ಕಸಾಗರದ ಗದ್ದೆಯವನು. ಬದು ಕಟ್ಟಿ, ಪಾದ ಮುಳುಗುವಷ್ಟು ನೀರು ನಿಲ್ಲಿಸಿ, "ಅಕ್ಕಾರೆ, ಸಸಿ ಹಚ್ಚೋದೊಂದು ಬಾಕಿ ನೋಡ್ರಿ" ಎಂದು ಹಿಗ್ಗಿನಿಂದ ತೋರಿಸಿದ. ನೀರು ನಿಂತ ಮಣ್ಣಿಗೆ ಗಾಳಿ ಇಳಿಯುವುದಿಲ್ಲ. ಆ ದಿನದ ಆಮ್ಲಜನಕದ ಅಳತೆಯನ್ನು ಮಾದರಿಗೆ ಕೊಟ್ಟರೆ, ಗ್ರಾಫಿನಲ್ಲಿ ಇಳಿಯುತ್ತಿದ್ದ ಡೀಸೆಲ್ಲಿನ ಗೆರೆ ಮುಂದೆ ಇಳಿಯದೆ ಅಲ್ಲೇ ಅಡ್ಡ ಮಲಗಿತು. ಕಾಂಕ್ರೀಟ್ ಹಾಕಿದಂತೆ ಲೆಕ್ಕ ಹಿಡಿದರೂ ಅದೇ ಗೆರೆ. ಅಣ್ಣನಿಗೆ ತೋರಿಸಿದೆ. "ನಮ್ಮ ಅಂಗಳಕ್ಕ ಇಸಿಜಿ ತೆಗ್ಸ್ಯಾಳ ನೋಡ್ರಲೇ" ಎಂದು ಡ್ರೈವರುಗಳ ಮುಂದೆ ನಕ್ಕ. ನಗಲಿ. ನಿಂತ ನೀರನ್ನು ಡ್ರಮ್ಮುಗಳಿಗೆ ತುಂಬಿಸಿ, ಬಾಡಿಗೆಗೆ ರೋಟಾವೇಟರ್ ತರಿಸಿ ಅಂಗಳ ಉಳುಮೆ ಮಾಡಿಸಿದ್ದೇನೆ. ಆಮ್ಲಜನಕ ಮತ್ತೆ ಏರುತ್ತಿದೆ. ಲಾರಿಗಳು ರಸ್ತೆಯ ಬದಿಗೆ ನಿಂತಿವೆ. ನಿಂತಿರಲಿ.

ಮಾತ್ರೆ ಊಟವಾದ ಮೇಲೆ, ಮುಂಚೆ ಅಲ್ಲ. ಅಕ್ಕನಿಗೆ, ಮಕ್ಕಳಿಗೆ ನನ್ನ ನೆನಪು ಹೇಳಿ. ನಿಮ್ಮ ಎರಡೂ ಕಾಲಿಗೆ ನಮಸ್ಕಾರ, ನೋಯುವುದಕ್ಕೆ ಒಂದು ಹೆಚ್ಚು.

ನಿಮ್ಮ ಮಗಳು,
ಪಂಪಾವತಿ

ತಾ.ಕ.: ನಿನ್ನೆ ದುರ್ಗಕ್ಕ ಕೊಡ ಹಿಡಿದು ಬಂದು, "ನೀರು ಯಾಕೋ ಗಾಡಿ ವಾಸ್ನಿ ಬರ್ತೈತಿ, ಮೂಸಿ ನೋಡವಾ" ಎಂದರು. ಅಣ್ಣ "ಕೊಡ ಸರಿಯಾಗಿ ತೊಳಿರಿ" ಎಂದ. ಡೀಸೆಲ್ ನಮ್ಮದು ಎಂದು ಅವನೆದುರೇ ನಾನು ಹೇಳಿಬಿಟ್ಟೆ. ನಮ್ಮ ನಲ್ಲಿಯಿಂದ ಅವರ ಮನೆಗೆ ಪೈಪು ಎಳೆಸಿದ್ದೇನೆ. ಮಂಗಳವಾರ ಗಾಡಿ ಬಂದರೆ ಗೇಟಿನಲ್ಲಿ ನಾನು, ದುರ್ಗಕ್ಕ ಇಬ್ಬರೂ ಕೂತಿರುತ್ತೇವೆ. ಮುಚ್ಚಲೇಬೇಕು ಎನ್ನುವುದಾದರೆ ನೀವೇ ಬಂದು ದುರ್ಗಕ್ಕನಿಗೆ ಹೇಳಿ.